ಕಬ್ಬನ್ ಅಂದರೆ ಕಬ್ಬೂ ಅಲ್ಲ, ಇಂಗ್ಲಿಷೂ ಅಲ್ಲ

ಚಿಕ್ಕಬಳ್ಳಾಪುರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನಿವೃತ್ತ ಕನ್ನಡ ಮೇಷ್ಟ್ರು. ಪತ್ರದ ಸಾರ ಇಷ್ಟು: “ಹೋದ ಸಂಚಿಕೆಯ ಪಾರ್ಕುಗಳ ಲೇಖನದಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನ ಬಗ್ಗೆ ಹೇಳುತ್ತಾ ‘ಕಬ್ಬನ್ ಎಂಬ ಇಂಗ್ಲಿಷ್ ಅಧಿಕಾರಿ’ ಎಂದು ಬರೆದಿದ್ದೀರಿ. ಅದನ್ನು ಓದಿದ ನನ್ನ ಮೊಮ್ಮಗಳು, ‘ತಾತ, ಅಲ್ಲಿ ಮೊದಲು ಕಬ್ಬು ಬೆಳೀತಿದ್ರಾ?’ ಅಂತ ಕೇಳಿದಳು. ನಗು ಬಂತು, ಉತ್ತರ ಬರಲಿಲ್ಲ. ಸ್ಮಿತ್, ವಿಲ್ಸನ್, ಥಾಮ್ಸನ್ ಅಂತ ಎಷ್ಟೋ ಇಂಗ್ಲಿಷ್ ಹೆಸರು ಕೇಳಿದ್ದೇನೆ. ಇನ್ನೊಬ್ಬ ಕಬ್ಬನ್ ಮಾತ್ರ ಎಲ್ಲೂ ಕಣ್ಣಿಗೆ ಬಿದ್ದಿಲ್ಲ. ಆ ಹೆಸರಿಗೆ ಅರ್ಥ ಏನಾದರೂ ಇದೆಯಾ? ಆ ಹೆಸರಿನವರು ಈಗ ಎಲ್ಲಾದರೂ ಇದ್ದಾರಾ?”

ಮೇಷ್ಟ್ರೇ, ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ಆ ವಾಕ್ಯ ಬರೆದವನು ನಾನೇ. ಕಂಪನಿ ಕಾಲದ ಸಾಹೇಬರು ಅಂದ ಕೂಡಲೇ ಹಿಂದುಮುಂದು ನೋಡದೆ ‘ಇಂಗ್ಲಿಷ್’ ಅಂತ ಬರೆಯುವುದು ಕೈಗೆ ಅಂಟಿದ ಅಭ್ಯಾಸ. ನಿಮ್ಮ ಪತ್ರ ಬಂದ ಮೇಲೆ ಕೂತು ನೋಡಿದರೆ, ಕಬ್ಬನ್ ಸಾಹೇಬರು ಇಂಗ್ಲೆಂಡಿನವರಲ್ಲ. ಅವರ ಹೆಸರೂ ಇಂಗ್ಲಿಷ್ ಹೆಸರಲ್ಲ.

ಮೊಮ್ಮಗಳ ಪ್ರಶ್ನೆಗೆ ಯಾರೂ ನಗಬೇಕಾಗಿಲ್ಲ. ಕಬ್ಬು, ಕಬ್ಬಿಣ, ಕಬ್ಬಿಗ ಇವೆಲ್ಲ ಇರುವ ಬಾಯಿಗೆ ಕಬ್ಬನ್ ಅನ್ನುವುದು ಪರದೇಶದ ಮಾತು ಅಂತ ಅನ್ನಿಸುವುದೇ ಇಲ್ಲ. ಮಗ್ಗಗಳ ಕಬ್ಬನ್‌ಪೇಟೆಯನ್ನೇ ತಗೊಳ್ಳಿ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ ಇರುವ ಊರಿನಲ್ಲಿ ಕಬ್ಬು ಮಾರುವ ಪೇಟೆಯೂ ಒಂದಿದ್ದೀತು ಅಂತ ಯಾರಿಗಾದರೂ ಅನ್ನಿಸುತ್ತದೆ. ಆ ಎರಡು ಬ ಒತ್ತಿ ಹೇಳುವುದೂ ನಮ್ಮದೇ. ಅವರು ಸ್ಪೆಲಿಂಗಿನಲ್ಲಿ ಎರಡು ಬ ಬರೆದು ಬಾಯಲ್ಲಿ ಒಂದನ್ನೇ ಹೇಳುತ್ತಾರೆ. ನಾವು ಬರೆದದ್ದನ್ನು ಬರೆದ ಹಾಗೇ ಓದಿ, ಒತ್ತು ಕೊಟ್ಟು, ಹೆಸರನ್ನು ನಮ್ಮದು ಮಾಡಿಕೊಂಡೆವು.

ಸರಿ, ಊರಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಮ್ಯಾನ್ ಅಂತ ಒಂದು ದ್ವೀಪ ಇದೆ. 572 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು ಸುಮಾರು 84 ಸಾವಿರ ಜನ. ಬೈಕ್ ಹುಚ್ಚಿನ ಹುಡುಗರನ್ನು ಕೇಳಿ, ಟಿಟಿ ರೇಸ್ ನಡೆಯುವ ಜಾಗ ಅಂತ ತಕ್ಷಣ ಹೇಳುತ್ತಾರೆ. ಬಾಲವಿಲ್ಲದ ಬೆಕ್ಕಿನ ಊರೂ ಅದೇ. ಆದರೆ ಅದು ಇಂಗ್ಲೆಂಡಿಗೆ ಸೇರಿಲ್ಲ, ಬ್ರಿಟನ್ನಿನ ಒಂದು ಭಾಗ ಅಂತಲೂ ಲೆಕ್ಕವಿಲ್ಲ. ರಾಜ ಮಾತ್ರ ಅವರೇ. ದ್ವೀಪಕ್ಕೆ ತನ್ನದೇ ಶಾಸನಸಭೆ ಇದೆ, ಅದಕ್ಕೆ ಸಾವಿರ ವರ್ಷ ತುಂಬಿತೆಂದು 1979ರಲ್ಲಿ ಹಬ್ಬವನ್ನೂ ಮಾಡಿದರು. ಅಲ್ಲಿನವರನ್ನು ಕರೆಯುವುದು ಮ್ಯಾಂಕ್ಸ್ ಅಂತ. ಅವರ ಹಳೇ ನುಡಿಯ ಹೆಸರೂ ಮ್ಯಾಂಕ್ಸ್. ಅದು ಐರಿಷ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ನುಡಿಗಳ ತಂಗಿ.

ಈ ದ್ವೀಪದ ಮ್ಯಾಕಲ್ಡ್ ಅನ್ನುವ ಹಳ್ಳಿಯ ಚರ್ಚಿನ ಪಾದ್ರಿಯ ಮಗ ಮಾರ್ಕ್ ಕಬ್ಬನ್. ತಾಯಿಯ ಸೋದರ ಮಾರ್ಕ್ ವಿಲ್ಕ್ಸ್ ಆಗಲೇ ಮದ್ರಾಸಿನ ಕಂಪನಿ ಸೈನ್ಯದಲ್ಲಿದ್ದವರು. ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಅಂದರೆ ಇವರೇ. ಸೋದರಮಾವ ದಾರಿ ತೋರಿಸಿದರು, ಸೋದರಳಿಯ 1800ರಲ್ಲಿ ಹಡಗು ಹತ್ತಿ ಬಂದರು. ನಮ್ಮ ಕಡೆ ಒಬ್ಬ ಬೆಂಗಳೂರಿಗೆ ಹೋಗಿ ನೆಲೆ ನಿಂತರೆ ಅಕ್ಕನ ಮಗನನ್ನೂ ಕರೆಸಿಕೊಳ್ಳುವುದಿಲ್ವಾ, ಹಾಗೆಯೇ.

ಈಗ ಹೆಸರು. ನೀವು ವ್ಯಾಕರಣ ಕಲಿಸಿದವರು, ನಿಮಗೆ ಇದು ರುಚಿಸುತ್ತದೆ.

ಗೇಲಿಕ್ ನುಡಿಗಳಲ್ಲಿ ‘ಮ್ಯಾಕ್’ ಅಂದರೆ ಮಗ. ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್, ಮ್ಯಾಕೆಂಜಿ ಎಲ್ಲರೂ ಹೀಗೆ ಯಾರದೋ ಮಕ್ಕಳು. ಮ್ಯಾನ್ ದ್ವೀಪದಲ್ಲೂ ಹಾಗೇ ಇತ್ತು. ಅಲ್ಲಿನ 16ನೇ ಶತಮಾನದ ಶುರುವಿನ ಗೇಣಿ ಪಟ್ಟಿ ತೆಗೆದರೆ ರೈತರ ಹೆಸರಿನ ಮುಂದೆಲ್ಲ ಮ್ಯಾಕ್. 17ನೇ ಶತಮಾನದ ಹೊತ್ತಿಗೆ ಅದು ಬಹುಪಾಲು ಮಾಯ. ಯಾರೂ ಆಜ್ಞೆ ಹೊರಡಿಸಿ ತೆಗೆಸಲಿಲ್ಲ, ಬಾಯಲ್ಲೇ ಸವೆದುಹೋಯಿತು. ಹೆಸರು ಹೇಳುವಾಗ ಜೋರು ಬೀಳುವುದು ಮುಂದಿನ ಭಾಗದ ಮೇಲೆ. ಹಾಗಾಗಿ ಮೊದಲ ‘ಮ್ಯಾ’ ಮೆತ್ತಗಾಗಿ ಉದುರಿತು. ಕೊನೆಯ ‘ಕ್’ ಮಾತ್ರ ಮುಂದಿನ ಹೆಸರಿನ ತಲೆಗೆ ಅಂಟಿಕೊಂಡು ಉಳಿಯಿತು.

ಕಬ್ಬನ್ ಮೊದಲು ಮ್ಯಾಕ್‌ಗಿಬ್ಬನ್. ಗಿಬ್ಬನ್‌ನ ಮಗ. ನಮ್ಮಲ್ಲಿ ಮಳೆಗೆ ಕಾಲ ಸೇರಿದರೆ ಮಳೆಗಾಲ, ಕ ಹೋಗಿ ಗ ಬರುತ್ತದೆ. ಆದೇಶ ಸಂಧಿಗೆ ನೀವು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿರೋ. ಅಲ್ಲಿ ಆದದ್ದು ಅದರ ಉಲ್ಟಾ. ಮ್ಯಾಕ್‌ನ ಕ್ ಬಂದು ಗುದ್ದಿದ್ದಕ್ಕೆ ಗಿಬ್ಬನ್‌ನ ಗ ಹೋಗಿ ಕ ನಿಂತಿತು. ಒಮ್ಮೆ ಬಾಯಿಬಿಟ್ಟು ಬೇಗ ಬೇಗ ಹೇಳಿ ನೋಡಿ: ಮ್ಯಾಕ್‌ಗಿಬ್ಬನ್, ಮಕ್ಕಿಬ್ಬನ್, ಕಿಬ್ಬನ್, ಕಬ್ಬನ್. (ನಡುವಿನ ಎರಡು ಯಾವ ದಾಖಲೆಯಲ್ಲೂ ನೋಡಿದ್ದಲ್ಲ, ಸುಮ್ನೆ ನಿಮ್ಮ ನಾಲಿಗೆಗೆ ಕೊಟ್ಟ ಅಭ್ಯಾಸ.)

ಇದು ಕಬ್ಬನ್ ಮನೆತನದ ಒಬ್ಬರ ಕಥೆಯಲ್ಲ. ಇಡೀ ದ್ವೀಪದ ಹೆಸರುಗಳೇ ಹೀಗೆ. ಪಾಲ್‌ನ ಮಗ ಕ್ವೇಲ್ ಆದ. ವಿಲಿಯಂನ ಮಗ ಕ್ವಿಲಿಯಮ್. ಡರ್ಮಟ್‌ನ ಮಗ ಕರ್ಮೋಡ್. ದ್ವೀಪವನ್ನು 13ನೇ ಶತಮಾನದವರೆಗೂ ಆಳಿದವರು ನಾರ್ವೆ ಕಡೆಯಿಂದ ಬಂದ ವೈಕಿಂಗರು. ಅವರ ಹೆಸರುಗಳೂ ಇದೇ ಗಾಣಕ್ಕೆ ಬಿದ್ದವು. ಥಾರ್ಕೆಲ್ ಅಂತ ಒಂದು ಹೆಸರು, ಗುಡುಗಿನ ದೇವರು ಥಾರ್‌ನ ಕೊಪ್ಪರಿಗೆ ಅಂತ ಅರ್ಥ. ಅವನ ಮಗ ಕಾರ್ಕಿಲ್. ಅಪ್ಪ ವೈಕಿಂಗ್ ಹೆಸರಿನವನು, ‘ಮಗ’ ಅನ್ನುವ ಮಾತು ಗೇಲಿಕ್ಕಿನದು, ಈಗ ಅದನ್ನು ಹೇಳುವವರು ಇಂಗ್ಲಿಷ್ ಮಾತಾಡುವವರು. ಒಂದೇ ಹೆಸರಿನೊಳಗೆ ಮೂರು ಕಾಲ.

ಇಂಗ್ಲಿಷಿನಲ್ಲಿ ಈ ಹೆಸರುಗಳನ್ನು ಬರೆಯಲು ಸಿ, ಕೆ, ಕ್ಯೂ ಅಂತ ಮೂರು ಅಕ್ಷರ ಬೇಕು. ಪಟ್ಟಿಯಲ್ಲಿ ಅವು ಮೂರು ಕಡೆ ಚದುರಿಹೋಗುತ್ತವೆ. ಕನ್ನಡದಲ್ಲಿ ಬರೆದರೆ ಎಲ್ಲ ಒಂದೇ ಕ ಅಕ್ಷರದ ಕೆಳಗೆ ಸಾಲಾಗಿ ನಿಲ್ಲುತ್ತವೆ, ಅಣ್ಣತಮ್ಮಂದಿರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಈ ಉತ್ತರ ಬರೆಯುವಾಗ ನನಗೆ ಖುಷಿ ಕೊಟ್ಟ ಸಂಗತಿ ಇದು. ಅವರ ಹೆಸರಿನ ಗುಟ್ಟು ಅವರ ಲಿಪಿಗಿಂತ ನಮ್ಮ ಲಿಪಿಯಲ್ಲೇ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಗಿಬ್ಬನ್ ಯಾರು? ಗಿಲ್ಬರ್ಟ್‌ನನ್ನು ಮುದ್ದಾಗಿ ಗಿಬ್ ಅಂತ ಕರೆಯುತ್ತಿದ್ದರು, ಇನ್ನೂ ಮುದ್ದು ಬಂದರೆ ಗಿಬ್ಬನ್. ನಮ್ಮಲ್ಲಿ ಕೃಷ್ಣ ಹೋಗಿ ಕಿಟ್ಟಿ ಆಗುವ ಹಾಗೆ. ಗಿಲ್ಬರ್ಟ್ ಅನ್ನುವುದು ನಾರ್ಮನ್ನರು ಫ್ರಾನ್ಸಿನಿಂದ ತಂದ ಹೆಸರು. ಅದರ ಬೇರು ಹಳೇ ಜರ್ಮನ್ ಕಡೆಯದು. ಮೊದಲ ಅರ್ಧಕ್ಕೆ ಒತ್ತೆ, ಒತ್ತೆಯಾಳು ಅಂತ ಅರ್ಥ, ಎರಡನೆಯದಕ್ಕೆ ಹೊಳೆಯುವುದು ಅಂತ. ಒತ್ತೆ ಅನ್ನುವ ಮಾತು ಬಂದರೆ ಮೈಸೂರಿನವರಿಗೆ 1792 ನೆನಪಾಗದೆ ಇರುತ್ತದಾ? ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಕೈಗೆ ಒತ್ತೆ ಕೊಟ್ಟ ವರ್ಷ. ಆ ಕಾಲದ ಚರಿತ್ರೆ ಬರೆದದ್ದು ಮೇಲೆ ಹೇಳಿದ ಸೋದರಮಾವ. ಹೆಸರಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಮನಸ್ಸಿಗೆ ಬಂತು, ಬರೆದೆ.

ಗಿಬ್ಬನ್‌ನ ಮಗ ಅನ್ನುವುದನ್ನು ಒಂದೊಂದು ಕಡೆ ಒಂದೊಂದು ಥರ ಹೇಳಿದರು. ಇಂಗ್ಲೆಂಡಿನಲ್ಲಿ ಗಿಬ್ಸನ್, ಗಿಬ್ಬನ್ಸ್. ಐರ್ಲೆಂಡಿನಲ್ಲಿ ಫಿಟ್ಸ್‌ಗಿಬ್ಬನ್, ಅಲ್ಲಿ ‘ಫಿಟ್ಸ್’ ಅಂದರೆ ಹಳೇ ಫ್ರೆಂಚಿನ ಮಗ. ಸ್ಕಾಟ್ಲೆಂಡಿನ ನೈಋತ್ಯದಲ್ಲಿ ಮ್ಯಾಕಬಿನ್ ಅಂತ ಇದೆ, ಅದೂ ಇದೇ ಬೇರಿನದು ಎಂದು ಹೆಸರುಗಳ ಜಾಡು ಹಿಡಿದವರ ಅಂದಾಜು. ಆ ಹೆಸರಿನ ಫ್ರೆಡರಿಕ್ ಮ್ಯಾಕಬಿನ್ ಆಸ್ಟ್ರೇಲಿಯಾದ ದೊಡ್ಡ ಚಿತ್ರಕಾರ.

ನೀವು ಕ್ರಿಕೆಟ್ ನೋಡುವವರಾದರೆ ಗಿಬ್ಸ್ ಗೊತ್ತೇ ಇರುತ್ತದೆ. ಗಿಬ್‌ನ ಮಗನೇ ಗಿಬ್ಸ್. ವೆಸ್ಟ್ ಇಂಡೀಸಿನ ಸ್ಪಿನ್ನರ್ ಲ್ಯಾನ್ಸ್ ಗಿಬ್ಸ್, ಟೆಸ್ಟ್‌ನಲ್ಲಿ 309 ವಿಕೆಟ್ ತೆಗೆದವನು, 1974ರಲ್ಲಿ ಕ್ಲೈವ್ ಲಾಯ್ಡ್ ತಂಡದ ಜೊತೆ ಭಾರತಕ್ಕೆ ಬಂದಿದ್ದ. ಆ ಪ್ರವಾಸದ ಮೊದಲ ಟೆಸ್ಟ್ ನಡೆದದ್ದು ನಮ್ಮ ಬೆಂಗಳೂರಿನ ಸ್ಟೇಡಿಯಮ್ಮಿನಲ್ಲಿ, ಕಬ್ಬನ್ ಪಾರ್ಕಿನ ಮಗ್ಗುಲಲ್ಲೇ. ಗಿಬ್ಸ್ ಮತ್ತು ಕಬ್ಬನ್ ದಾಯಾದಿ ಹೆಸರುಗಳು ಅಂತ ಅವತ್ತು ಗ್ಯಾಲರಿಯಲ್ಲಿ ಕಡ್ಲೆಕಾಯಿ ತಿನ್ನುತ್ತಿದ್ದ ಯಾರಿಗೂ ಹೊಳೆದಿರಲಿಕ್ಕಿಲ್ಲ. ಹೆಸರಿನ ನಂಟು ಅಷ್ಟೇ, ರಕ್ತದ ನಂಟಲ್ಲ. ಇನ್ನೊಂದು ತಮಾಷೆ: ಬೀ ಜೀಸ್ ಹಾಡುಗಾರ ಅಣ್ಣತಮ್ಮಂದಿರು ಹುಟ್ಟಿದ್ದು ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲಿ. ಅವರ ಮನೆತನದ ಹೆಸರು ಗಿಬ್! ಆದರೆ ಅವರ ತಂದೆತಾಯಿ ಇಂಗ್ಲೆಂಡಿನಿಂದ ಹೋದವರು. ಕಾಕತಾಳೀಯ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕಬ್ಬನ್ನರು ಇದ್ದಾರೆ, ಜಾಸ್ತಿ ಇಲ್ಲ. ಇವತ್ತಿಗೂ ಆ ಹೆಸರು ಹೆಚ್ಚಾಗಿ ಸಿಗುವುದು ದ್ವೀಪದಲ್ಲಿ, ಆಮೇಲೆ ಎದುರು ದಡದ ಲಿವರ್‌ಪೂಲ್, ಲ್ಯಾಂಕಶೈರ್ ಕಡೆ. ಕಾರಣ ಸುಲಭ. ದ್ವೀಪದವರಿಗೆ ಕೆಲಸ ಬೇಕೆಂದರೆ ಹತ್ತಿರದ ದೊಡ್ಡ ಬಂದರು ಲಿವರ್‌ಪೂಲ್. ಸಮುದ್ರ ದಾಟಿ ಇನ್ನೂ ಮುಂದೆ ಹೋದವರು ಅಮೆರಿಕ ಸೇರಿದರು. 1820ರ ದಶಕದಿಂದಲೇ ಓಹಾಯೋದ ಕ್ಲೀವ್‌ಲ್ಯಾಂಡ್ ಸುತ್ತ ಮ್ಯಾಂಕ್ಸ್ ಸಂಸಾರಗಳು ಜಮೀನು ಮಾಡಿಕೊಂಡು ಕೂತವು.

ಹೆಸರು ಮಾಡಿದವರೂ ಇದ್ದಾರೆ. ದ್ವೀಪದ ಮ್ಯೂಸಿಯಂ ಕಟ್ಟಿ ಬೆಳೆಸಿದವರಲ್ಲಿ ವಿಲಿಯಂ ಕಬ್ಬನ್ ಒಬ್ಬರು, ಮುಂದೆ ಅದರ ನಿರ್ದೇಶಕರೂ ಆದರು. ಬ್ರಿಟಿಷ್ ಸರ್ಕಾರದ ಹಿರಿಯ ಅಧಿಕಾರಿ ಬ್ರಯನ್ ಕಬ್ಬನ್ 1976ರಲ್ಲಿ ಡಬ್ಲಿನ್‌ನಲ್ಲಿ ಬಾಂಬ್ ಸಿಡಿದ ಕಾರಿನೊಳಗಿದ್ದರು. ರಾಯಭಾರಿ ಸತ್ತರು, ಇವರು ಗಾಯಗೊಂಡು ಉಳಿದರು. ಇನ್ನು ನಿಮಗೆ ಅಚ್ಚರಿಯಾಗುವ ವಿಷಯ: ಮ್ಯಾಂಚೆಸ್ಟರ್‌ನ ಸರ್ಕಾರಿ ಆಸ್ಪತ್ರೆಗಳ ದೊಡ್ಡ ಸಮೂಹವೊಂದಕ್ಕೆ 2023ರಲ್ಲಿ ಮುಖ್ಯಸ್ಥರಾಗಿ ಬಂದವರ ಹೆಸರು ಮಾರ್ಕ್ ಕಬ್ಬನ್. ನಮ್ಮವರದ್ದೇ ಹೆಸರು, ಅಕ್ಷರ ವ್ಯತ್ಯಾಸವಿಲ್ಲ.

ನಮ್ಮ ಮಾರ್ಕ್ ಕಬ್ಬನ್‌ರಿಂದ ಮಾತ್ರ ಆ ಹೆಸರು ಮುಂದೆ ಹೋಗಲಿಲ್ಲ. ಅವರು ಮದುವೆಯೇ ಆಗಲಿಲ್ಲ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದರು. ಅರಬ್ಬಿ ಕುದುರೆ ಸಾಕುವ ಶೋಕಿ ಬಿಟ್ಟರೆ ಸಂಸಾರ ಅಂತ ಏನೂ ಇರಲಿಲ್ಲ. ಬೇಸಿಗೆಗೆ ನಿಮ್ಮ ನಂದಿಬೆಟ್ಟ ಹತ್ತುತ್ತಿದ್ದರು. ಬೆಟ್ಟದ ಮೇಲಿನ ನೆಹರು ನಿಲಯ ಇದೆಯಲ್ಲ, ಅದು ಅವರು ಬೇಸಿಗೆಗೆಂದು ಕಟ್ಟಿಸಿಕೊಂಡ ಮನೆ. ವಯಸ್ಸಾಗಿ ಕಾಯಿಲೆ ಬಿದ್ದು, 1861ರಲ್ಲಿ ಊರಿಗೆ ಹೊರಟರು. ಸೂಯೆಜ್ ಕಾಲುವೆ ಇನ್ನೂ ತೋಡುತ್ತಿದ್ದ ಕಾಲ. ಸೂಯೆಜ್ ತನಕ ಬಂದು ಅಲ್ಲೇ ತೀರಿಕೊಂಡರು. ದೇಹವನ್ನು ಮ್ಯಾಕಲ್ಡ್‌ಗೆ ಒಯ್ದು, ಅಪ್ಪ ಪಾದ್ರಿಯಾಗಿದ್ದ ಅದೇ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಆ ಅಂಗಳದಲ್ಲಿ ಸಾವಿರ ವರ್ಷ ದಾಟಿದ ಕೆತ್ತನೆಯ ಶಿಲುಬೆಗಲ್ಲುಗಳಿವೆ, ನಮ್ಮ ಊರಬಾಗಿಲಿನ ವೀರಗಲ್ಲುಗಳ ಹಾಗೆ.

ಪಾರ್ಕ್ ಶುರುವಾದದ್ದು 1870ರಲ್ಲಿ, ಅವರು ಹೋಗಿ ಒಂಬತ್ತು ವರ್ಷಕ್ಕೆ. ಮಾಡಿಸಿದವರು ಎಂಜಿನಿಯರ್ ಸ್ಯಾಂಕಿ. ಮೊದಲು ಇಟ್ಟ ಹೆಸರು ಮೀಡ್ಸ್ ಪಾರ್ಕ್. 1927ರಲ್ಲಿ ಚಾಮರಾಜೇಂದ್ರ ಪಾರ್ಕ್ ಅಂತ ಬದಲಾಯಿಸಿದರು, ಕಾಗದದಲ್ಲಿ. ಜನ ಇವತ್ತಿಗೂ ಆಟೋದವನಿಗೆ ಹೇಳುವುದು ಕಬ್ಬನ್ ಪಾರ್ಕ್ ಅಂತಲೇ, ಮೆಟ್ರೋದಲ್ಲಿ ಕೂಗುವುದೂ ಅದೇ. ಮೀಡ್ಸ್ ಯಾರಿಗೂ ನೆನಪಿಲ್ಲ. ಕಬ್ಬನ್ ಯಾಕೆ ಉಳಿಯಿತು ಅಂದರೆ, ನನ್ನ ಅನುಮಾನ, ನಿಮ್ಮ ಮೊಮ್ಮಗಳಿಗೆ ಕೇಳಿಸಿದ ಆ ಕಬ್ಬಿನಿಂದಲೇ. ಬಾಯಿಗೆ ಹತ್ತಿದ ಹೆಸರನ್ನು ಸರ್ಕಾರ ಬದಲಾಯಿಸಲಾರದು.

ಪತ್ರ ಬಂದ ವಾರ ಪಾರ್ಕಿಗೆ ಹೋಗಿ ಅವರ ಪ್ರತಿಮೆಯನ್ನು ಇನ್ನೊಮ್ಮೆ ನೋಡಿ ಬಂದೆ. 1866ರಲ್ಲಿ ನಿಲ್ಲಿಸಿದ್ದು, ಆಮೇಲೆ ಬಹುಕಾಲ ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಡೆ ಇದ್ದದ್ದನ್ನು 2020ರಲ್ಲಿ ಪಾರ್ಕಿನೊಳಕ್ಕೆ ತಂದಿದ್ದಾರೆ. ಕುದುರೆಯ ಮೇಲೆ ನೆಟ್ಟಗೆ ಕೂತಿದ್ದಾರೆ ಸಾಹೇಬರು. ಕೆಳಗೆ ಒಬ್ಬ ಹುಡುಗ ಸೈಕಲ್ ಒರಗಿಸಿ ಫೋನಿನಲ್ಲಿ ಹೇಳುತ್ತಿದ್ದ: “ಕಬ್ಬನ್ ಹತ್ರ ಇದೀನಿ ಮಗಾ, ಬೇಗ ಬಾ.” ಪಾರ್ಕು ಅಂತಲೂ ಸೇರಿಸಲಿಲ್ಲ.

ಇಲ್ಲಿಂದ ತಿದ್ದುಪಡಿ. ಹೋದ ಸಂಚಿಕೆಯ ಆ ಲೇಖನದಲ್ಲಿ ‘ಇಂಗ್ಲಿಷ್ ಅಧಿಕಾರಿ’ ಎಂದಿರುವಲ್ಲಿ ‘ಮ್ಯಾಂಕ್ಸ್ ಅಧಿಕಾರಿ’ ಎಂದು ಓದಿಕೊಳ್ಳಬೇಕು. ಪ್ರೂಫ್ ನೋಡುವ ನಮ್ಮ ಹುಡುಗ ಅದನ್ನು ‘ಮ್ಯಾಕ್ಸ್’ ಮಾಡದ ಹಾಗೆ ಈ ಸಲ ನಾನೇ ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತೇನೆ.