ಎಲ್ಲ ಇದ್ದೂ ಮಾತಿಗೆ ಜನರಿಲ್ಲ

ಪ್ರಶ್ನೆ: ನನಗೆ 71 ವರ್ಷ. ಯಜಮಾನರು ತೀರಿಕೊಂಡ ಮೇಲೆ ಸಾಗರದ ಮನೆಗೆ ಬೀಗ ಹಾಕಿ, ಎರಡು ವರ್ಷದಿಂದ ಬೆಂಗಳೂರಿನಲ್ಲಿ ಮಗನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಮಗ, ಸೊಸೆ ಇಬ್ಬರೂ ಒಳ್ಳೆಯವರು. ಊಟಕ್ಕೆ, ಔಷಧಕ್ಕೆ ಕೊರತೆಯಿಲ್ಲ. ಆದರೆ ಅವರು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ರಾತ್ರಿಯವರೆಗೆ ನನಗೆ ಮಾತನಾಡಲು ಒಬ್ಬರೂ ಸಿಗುವುದಿಲ್ಲ. ಈಗ ಊರಿನ ಮನೆ ಮಾರೋಣ ಎಂದು ಮಗ ಹೇಳುತ್ತಿದ್ದಾನೆ. ಒಪ್ಪಬೇಕೇ? ಇಷ್ಟೆಲ್ಲ ಇದ್ದೂ ಕೊರಗುವುದು ನನ್ನ ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ಸಾಗರದಲ್ಲಿ ಹಾಲಿಗೆ ಹೋದಾಗ, ಜಗಲಿಯಲ್ಲಿ ಕುಳಿತಾಗ ದಾರಿಯಲ್ಲಿ ಹೋಗುವವರೊಡನೆ ನೀವು ಆಡುತ್ತಿದ್ದ ಮಾತು ಯಾರೂ ಏರ್ಪಡಿಸಿದ್ದಲ್ಲ. ಊರಿನ ಬದುಕೇ ಅದನ್ನು ಒದಗಿಸುತ್ತಿತ್ತು. ಇಲ್ಲಿ ಹಾಲಿನ ಪ್ಯಾಕೆಟ್ ಬಾಗಿಲಿನ ಚೀಲಕ್ಕೆ ಬೀಳುತ್ತದೆ, ತರಕಾರಿ ಮೊಬೈಲಿನಲ್ಲಿ ಹೇಳಿದರೆ ಬರುತ್ತದೆ. ಅನುಕೂಲವೆಂದು ನಾವು ಮಾಡಿಕೊಂಡ ಇಂಥ ಏರ್ಪಾಡುಗಳು ಹಿರಿಯರಿಂದ ಒಂದೊಂದೇ ಭೇಟಿಯನ್ನು ಕಿತ್ತುಕೊಂಡಿವೆ.

ಆದ್ದರಿಂದ ತರಕಾರಿ ತರುವ ಕೆಲಸವನ್ನು ಮಗನಿಂದ ಕೇಳಿ ಪಡೆಯಿರಿ. ಸಣ್ಣ ಸಲಹೆಯೆನಿಸಿದರೂ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ವಿಶ್ರಾಂತಿ ಕೊಡಬೇಕೆಂಬ ಪ್ರೀತಿಯಿಂದ ಮಕ್ಕಳು ಎಲ್ಲ ಕೆಲಸವನ್ನೂ ತಾವೇ ವಹಿಸಿಕೊಂಡಾಗ, ಈ ಮನೆಗೆ ನಾನೂ ಬೇಕಾದವಳು ಎಂಬ ಭಾವ ತಾಯಿಯ ಮನಸ್ಸಿನಿಂದ ಜಾರಿಹೋಗುತ್ತದೆ. ದಿನವೂ ಒಂದೇ ಹೊತ್ತಿಗೆ, ಒಂದೇ ಅಂಗಡಿಗೆ ಹೋದರೆ ಪರಿಚಯ ಬೆಳೆಯುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಗುರುತಿನ ಚೀಟಿ ಇಟ್ಟುಕೊಂಡು, ಮಗನ ಕಾರಿಗೆ ಕಾಯದೆ ನೆಂಟರ ಮನೆಗೆ ಹೋಗಿಬನ್ನಿ. ಕಿವಿ ಮಂದವಾಗಿದ್ದರೆ ಅದನ್ನೂ ಪರೀಕ್ಷಿಸಿಕೊಳ್ಳಿ, ಮಾತು ಸರಿಯಾಗಿ ಕೇಳಿಸದವರು ತಾವಾಗಿಯೇ ಜನರಿಂದ ಹಿಂದೆ ಸರಿಯುವುದುಂಟು.

ಮನೆಯನ್ನು ಸದ್ಯಕ್ಕೆ ಮಾರಬೇಡಿ. ವರ್ಷದಲ್ಲಿ ಒಂದೆರಡು ತಿಂಗಳು ಅಲ್ಲಿದ್ದು ನೋಡಿ, ಆಮೇಲೆ ನಿರ್ಧರಿಸಿ. ಮುಂದೆಂದಾದರೂ ಮಗನ ಹೆಸರಿಗೆ ದಾನಪತ್ರ ಮಾಡುವುದಾದರೆ, ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿ; ಆ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆ. ಇದು ಮಗನ ಮೇಲಿನ ಅನುಮಾನವಲ್ಲ.

ನಮಗೆ ಬರೆದ ಈ ಮಾತುಗಳನ್ನೇ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ, ಸೊಸೆಯರ ಮುಂದೆ ಹೇಳಿ. ಒಳ್ಳೆಯ ಮಕ್ಕಳಿಗೂ ತಾಯಿ ಹೇಳದ ಸಂಕಟ ತಿಳಿಯದೆ ಹೋಗಬಹುದು. ವಾರಗಟ್ಟಲೆ ನಿದ್ರೆ, ಹಸಿವು ಕೆಟ್ಟಿದ್ದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.