ಬಯಲಿನ ಚೈಮ್ಸ್ ಶಿಲ್ಪದಲ್ಲಿ (ಕೋಲಿನ ಪೆಟ್ಟಿಗೋ ಗಾಳಿಗೋ ನುಡಿಯುವ ಲೋಹದ ಕೊಳವೆಗಳ ಸಾಲು) ಅದೇ ಕೊಳವೆ ಒಮ್ಮೆ ಇಂಪಾಗಿ, ಒಮ್ಮೆ ‘ಠಪ್’ ಎಂದು ಕೇಳುವುದೇಕೆ?

ಪೆಟ್ಟು ಬಿದ್ದ ಜಾಗ ಮತ್ತು ಕೋಲು ಅಲ್ಲಿ ಎಷ್ಟು ಹೊತ್ತು ನಿಂತಿತು, ಇವೆರಡೇ ಮುಖ್ಯ ಕಾರಣ. ಕೊಳವೆಯ ನಡುಮಧ್ಯಕ್ಕೆ ಹೊಡೆದು ಕೋಲನ್ನು ತಕ್ಷಣ ಹಿಂದೆಗೆಯಿರಿ.

ಪೆಟ್ಟು ಬಿದ್ದ ಕೊಳವೆ ಬಿಲ್ಲಿನಂತೆ ಅತ್ತಿತ್ತ ಬಾಗುತ್ತದೆ. ಮಧ್ಯಭಾಗ ಮತ್ತು ತುದಿಗಳು ಹೆಚ್ಚು ಅಲುಗುತ್ತವೆ. ಪ್ರತಿ ತುದಿಯಿಂದ ಉದ್ದದ ಸುಮಾರು 22.4% ದೂರದಲ್ಲಿರುವ ಎರಡು ಜಾಗಗಳು ಮಾತ್ರ ಅಲುಗುವುದೇ ಇಲ್ಲ. 1 ಮೀಟರ್ ಕೊಳವೆಯಲ್ಲಿ ಇದು 22.4 ಸೆಂ.ಮೀ. ಹಗ್ಗ ಅಥವಾ ಬೋಲ್ಟನ್ನು ಅಲ್ಲೇ ಕಟ್ಟಿದರೆ ನಾದ ಉಸಿರುಗಟ್ಟುವುದಿಲ್ಲ. ಅಲ್ಲಿಗೇ ಹೊಡೆದರೆ ಮೂಲಸ್ವರ, ಅಂದರೆ ಕೊಳವೆಯ ಅತಿ ತಗ್ಗಿನ ಸ್ವರ, ಏಳುವುದಿಲ್ಲ, ಬರೀ ಲೋಹದ ಸದ್ದು. ನಡುವಿಗೆ ಅಂಗೈ ತಾಗಿದರಂತೂ ಕಂಪನ ಕ್ಷಣದಲ್ಲಿ ಸಾಯುತ್ತದೆ. ಮಕ್ಕಳು ಕೊಳವೆಯನ್ನು ಹಿಡಿದುಕೊಂಡೇ ಬಾರಿಸುವಾಗ ಆಗುವುದು ಇದೇ.

ಕೋಲು ಬೇಕಿದ್ದರೆ ರಬ್ಬರ್ ತಲೆಯದು ಒಳ್ಳೆಯದು. ಕಲ್ಲು, ಬೀಗದ ಕೈ ಬೇಡವೇ ಬೇಡ: ಕರ್ಕಶ ಸ್ವರಗಳೇ ಮುಂದೆ ಬರುತ್ತವೆ, ಮೇಲ್ಮೈಯೂ ತಗ್ಗುಬೀಳುತ್ತದೆ.

ಗಾಳಿಯಿಂದಲೇ ನುಡಿಯುವ ಶಿಲ್ಪವಾದರೆ ಗಾಳಿಯಿರುವ ಹೊತ್ತಿಗೇ ಹೋಗಿ; ದೊಡ್ಡ ಕೊಳವೆಗಳಿಗೆ ಬಡಿಯಲು ತೂಗುಬಿಟ್ಟ ಭಾರದ ಗುಂಡು ಮಂದಗಾಳಿಗೆ ಕದಲುವುದಿಲ್ಲ.

ಅಳತೆಯಲ್ಲೂ ಒಂದು ಸೊಗಸಿದೆ. ಒಂದೇ ಲೋಹ, ವ್ಯಾಸ, ದಪ್ಪವಿದ್ದರೆ 100 ಸೆಂ.ಮೀ. ಕೊಳವೆಗಿಂತ ಒಂದು ಸ್ಥಾಯಿ ಮೇಲೆ ನುಡಿಯಲು 50 ಅಲ್ಲ, ಸುಮಾರು 71 ಸೆಂ.ಮೀ. ಸಾಕು, ಏಕೆಂದರೆ ಕಂಪನಾಂಕವು (ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು) ಉದ್ದದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ನಾದ ‘ವಾಂವ್ ವಾಂವ್’ ಎಂದು ಏರಿಳಿದರೆ ಕೊಳವೆ ಪೂರ್ತಿ ದುಂಡಗಿಲ್ಲದಿರಬಹುದು: ಎರಡು ದಿಕ್ಕಿನ ಬಾಗುವಿಕೆಗೆ ತುಸು ಬೇರೆ ಬೇರೆ ಸ್ವರ ಹುಟ್ಟಿ ಒಂದರ ಮೇಲೊಂದು ಬೀಳುತ್ತವೆ.