ಎರಡನೇ ಸಲ ಬೈಕ್ ಕಳ್ಳತನಕ್ಕೆ ಸಿಕ್ಕಿಬಿದ್ದರೆ ಜೀವಾವಧಿ ಆಗುತ್ತಾ?

2022ರಲ್ಲಿ ಮಂಗಳೂರಿನಲ್ಲಿ ಬೈಕ್ ಕದ್ದು ಸಿಕ್ಕಿಬಿದ್ದ ನಿಮ್ಮ ತಮ್ಮ ತಪ್ಪೊಪ್ಪಿಕೊಂಡು ಹೊರಗೆ ಬಂದಿದ್ದ, ಈಗ ಮಣಿಪಾಲದಲ್ಲಿ ಮತ್ತೆ ಅದೇ ಕೇಸು ಅಂತ ಬರೆದಿದ್ದೀರಿ. ಅಮೆರಿಕದಲ್ಲಿ ಮೂರು ಸಲ ಆದರೆ ಜೀವಾವಧಿಯಂತೆ, ನಮ್ಮಲ್ಲೂ ಹೊಸ ಕಾನೂನು ಹಾಗೇನಾ ಅಂತ ನಿಮ್ಮ ಪ್ರಶ್ನೆ.

ನಾನು ಮಂಗಳೂರಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ನೀವು ಕೇಳಿದ್ದು ಕ್ಯಾಲಿಫೋರ್ನಿಯಾದ 1994ರ ಕಾನೂನಿನ ಸುದ್ದಿ ಇರಬೇಕು. ಹಳೇ ಗಂಭೀರ ಅಪರಾಧಗಳಿದ್ದ ಒಬ್ಬ ಮೂರು ಗಾಲ್ಫ್ ಕೋಲು ಕದ್ದದ್ದಕ್ಕೆ ಜೀವಾವಧಿ ಆಯಿತು, ಕನಿಷ್ಠ 25 ವರ್ಷ ಒಳಗೆ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೊನೆಗೆ 2012ರಲ್ಲಿ ಕ್ಯಾಲಿಫೋರ್ನಿಯಾದ ಜನರೇ ವೋಟು ಹಾಕಿ ಕಾನೂನನ್ನು ಸಡಿಲ ಮಾಡಿದರು. ಅದನ್ನು ಬಿಡಿ.

ನಮ್ಮಲ್ಲಿ ಎಷ್ಟು ಕೇಸು ಬಿದ್ದಿವೆ ಅನ್ನುವುದಕ್ಕಿಂತ ಎಷ್ಟರಲ್ಲಿ ಶಿಕ್ಷೆಯಾಗಿದೆ ಅನ್ನುವುದೇ ಲೆಕ್ಕಕ್ಕೆ ಬರುತ್ತದೆ. ರೌಡಿ ಶೀಟ್ ಇದ್ದರೂ ಅದು ಶಿಕ್ಷೆ ಅಲ್ಲ. ಆದರೆ ತಪ್ಪೊಪ್ಪಿಗೆ? ಅದು ಪಕ್ಕಾ ಶಿಕ್ಷೆ. "ಒಪ್ಕೊಂಡು ಬಿಡು ಮಾರಾಯ, ಇವತ್ತೇ ಮನೆಗೆ ಹೋಗ್ಬಹುದು" ಅನ್ನುವವರು ಕೋರ್ಟ್ ವರಾಂಡದಲ್ಲಿ ಬೇಕಾದಷ್ಟು ಸಿಗುತ್ತಾರೆ. ಅದು ಮುಂದೆ ಏನು ಮಾಡುತ್ತದೆ ಅಂತ ಮಾತ್ರ ಅವರು ಹೇಳುವುದಿಲ್ಲ. ಆಗಲೇ ಜೈಲಿನಲ್ಲಿ ಕಳೆದ ದಿನಗಳನ್ನೇ ಶಿಕ್ಷೆ ಅಂತ ಲೆಕ್ಕ ಹಾಕಿ ಬಿಟ್ಟಿದ್ದರೂ ದಾಖಲೆಯಲ್ಲಿ ಅವನು ಶಿಕ್ಷೆಯಾದವನೇ.

2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂತಲ್ವಾ, ಅದರ ಕಲಂ 303ರಲ್ಲಿ ಹೊಸದೊಂದು ಸೇರಿದೆ. ಕಳ್ಳತನದಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ 1 ವರ್ಷ ಕಠಿಣ ಜೈಲು, ಗರಿಷ್ಠ 5 ವರ್ಷ, ಜೊತೆಗೆ ದಂಡ. ಐಪಿಸಿ 379ರಲ್ಲಿ ಕನಿಷ್ಠ ಅಂತ ಇರಲೇ ಇಲ್ಲ, ಗರಿಷ್ಠ 3 ವರ್ಷ. ಮ್ಯಾಜಿಸ್ಟ್ರೇಟರಿಗೆ ಕರುಣೆ ಬಂದರೂ ಈಗ ಒಂದು ವರ್ಷಕ್ಕಿಂತ ಕೆಳಗೆ ಇಳಿಯಲು ಆಗುವುದಿಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ. ನೀವು ಹೆದರಿದ ಜೀವಾವಧಿ ಕಲಂ 13ರಲ್ಲಿದೆ, ಅದು ಹೊಸದಲ್ಲ, ಐಪಿಸಿ 75ರಲ್ಲೂ ಇತ್ತು. ಹಿಂದೆ ಕಳ್ಳತನದಂಥ ಅಪರಾಧಕ್ಕೆ ಶಿಕ್ಷೆಯಾದವನು ಮತ್ತೆ ಅಂಥದ್ದೇ ಮಾಡಿದರೆ ಜೀವಾವಧಿ ಅಥವಾ 10 ವರ್ಷದವರೆಗೆ ಜೈಲು ಅಂತ ಅದು ಹೇಳುತ್ತದೆ. ಆದರೆ ಈ ಕಲಂ ಹಾಕಬೇಕಾದರೆ ಹಳೇ ಶಿಕ್ಷೆಯ ವಿವರವನ್ನು ದೋಷಾರೋಪದಲ್ಲೇ, ಅಂದರೆ ಕೋರ್ಟ್ ಆರೋಪಿಯ ಮೇಲೆ ಹೊರಿಸುವ ಆರೋಪದಲ್ಲೇ, ಬರೆಯಬೇಕು. ಈ ಕಳ್ಳತನ ಸಾಬೀತಾದ ಮೇಲಷ್ಟೇ ಅದರ ವಿಚಾರ.

ನಿಮ್ಮ ತಮ್ಮನ ಪರವಾಗಿ ಒಂದು ವಾದ ಇದೆ. 303ರಲ್ಲಿ ಬರೆದಿರುವುದು "ಈ ಕಲಂ ಅಡಿ" ಎರಡನೇ ಶಿಕ್ಷೆ ಅಂತ. ಹಳೆಯದು ಐಪಿಸಿಯದ್ದು. ನಾನಾದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಅಂತಲೇ ವಾದಿಸುತ್ತೇನೆ.

ಬೈಕಿನ ಮಾಲೀಕರ ಹತ್ತಿರ ರಾಜಿ ಮಾಡಿಕೊಳ್ಳುವ ಯೋಚನೆ ಇದ್ದರೆ ಕೇಳಿ: ಕಳ್ಳತನದ ಕೇಸಲ್ಲಿ ರಾಜಿ ಆಗುತ್ತದೆ, ಆದರೆ ಹಳೇ ಶಿಕ್ಷೆಯಿಂದ ಹೆಚ್ಚಿನ ಶಿಕ್ಷೆಗೆ ಗುರಿಯಾಗುವವನಿಗೆ ಇಲ್ಲ. ಹಾಗಾಗಿ ಮೇಲಿನ ವಾದ ಇಲ್ಲೂ ಬೇಕಾಗುತ್ತದೆ.

ಈ ಸಲ ಮಾತ್ರ ಸುಮ್ನೆ ತಪ್ಪೊಪ್ಪಿಕೊಳ್ಳಲು ಬಿಡಬೇಡಿ. ಮೊದಲು ಹಳೇ ತೀರ್ಪಿನ ಸರ್ಟಿಫೈಡ್ ಕಾಪಿಗೆ ಮಂಗಳೂರು ಕೋರ್ಟಿನಲ್ಲಿ ಅರ್ಜಿ ಹಾಕಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.